ಬಾಗಿಲಿಗೆ ಮುಳ್ಳು ಕಟ್ಟಿದ ಆರು ತಿಂಗಳು

ಪುಣೆ
೧೪ ನವೆಂಬರ್ ೧೯೯೯

ಪ್ರೀತಿಯ ಅಕ್ಕ,

ನಿಮ್ಮ ಕೊಪ್ಪಲಿನಿಂದ ಹೊರಟು ಬಂದ ರೀತಿ ಇನ್ನೂ ಮನಸ್ಸಿನಲ್ಲಿ ಕಹಿಯಾಗಿ ಉಳಿದಿದೆ. ಭಾವ ತೀರಿಕೊಂಡ ಮೂರನೆಯ ದಿನವೇ ನಾನು ನಿಮ್ಮತ್ತೆಯ ಮೇಲೆ ಅಷ್ಟು ದನಿ ಎತ್ತಬಾರದಿತ್ತು. ದನಿಗೆ ಕ್ಷಮೆ ಕೇಳುತ್ತೇನೆ, ಮಾತಿಗಲ್ಲ. ಭಾವ ಸತ್ತದ್ದು ಎದೆನೋವಿನಿಂದ. ಅದು ಧನಿಷ್ಠಾ ನಕ್ಷತ್ರದ ಸಾವು, ಆರು ತಿಂಗಳು ಮನೆ ಬಿಡಬೇಕು, ಬೀಗ ಹಾಕಿ ಬಾಗಿಲಿಗೆ ಜಾಲಿಮುಳ್ಳು ಕಟ್ಟಬೇಕು, ಮನೆಯವರು ಆ ಬೀದಿಗೆ ಕಾಲಿಡಬಾರದು ಎಂದು ನಿಮ್ಮತ್ತೆ ಮರಿತಾಯಮ್ಮ ಹೇಳುತ್ತಿದ್ದರೆ ನೀನು ತಲೆ ತಗ್ಗಿಸಿ ಕೂತಿದ್ದೆ. “ನಿಮ್ ಓದ ನಿಮ್ ಪುಣೇಲೇ ಮಡಿಕಳಿ ಕನವ್ವ. ನಮ್ ಅಟ್ಟೀಲಿ ಇನ್ನೊಂದ್ ಎಣ ಬೀಳಾದ್ ಬ್ಯಾಡ” ಎಂದರು.

ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೂಗುತ್ತ ನಮ್ಮಿಬ್ಬರನ್ನು ಓದಿಸಿದ ಅಪ್ಪ ಗೋಡೆಗೆ ಬುದ್ಧನ ಪಟವೊಂದನ್ನು ಬಿಟ್ಟು ಬೇರೇನನ್ನೂ ತೂಗುಹಾಕಲಿಲ್ಲ. ರಾಹುಕಾಲ ನೋಡಿ ಹೊರಟವರನ್ನು ನಿಲ್ಲಿಸಿ ನಗುತ್ತಿದ್ದವನ ಮಗಳು ನೀನು. ಮುಳ್ಳಿಗೆ ಹೆದರಿ ಮನೆ ಬಿಟ್ಟೆಯಾದರೆ ನನಗೆ ಕಾಗದ ಬರೆಯಬೇಡ. ನಾನೂ ಬರೆಯುವುದಿಲ್ಲ.

ಈ ತಿಂಗಳಿಂದ ಇಲ್ಲಿನ ಕಾನೂನು ಕಾಲೇಜಿನಲ್ಲಿ ನಾನು ರೀಡರ್. ಪಾಠ ಮಾತ್ರ ಅದೇ: ಸಿವಿಲ್ ಪ್ರಕ್ರಿಯೆ. ಯಾರದು ಸರಿ, ಯಾರದು ತಪ್ಪು ಎನ್ನುವುದು ಬೇರೆಯವರ ಪಾಠ. ಕೋರ್ಟಿನೊಳಕ್ಕೆ ಮನುಷ್ಯ ಹೇಗೆ ಬರುತ್ತಾನೆ, ಹೇಗೆ ಹೊರಗೆ ಬೀಳುತ್ತಾನೆ ಎನ್ನುವುದು ನನ್ನದು. ಒಣ ವಿಷಯ ಎನ್ನುತ್ತಾರೆ. ಬೆಳಿಗ್ಗೆ ಒಂದು ಪದ್ಯ ಓದಿ ತರಗತಿಗೆ ಹೋಗುವ ನನಗೆ ಹಾಗನ್ನಿಸಿಲ್ಲ. ಇನ್ನೊಬ್ಬನ ಮಾತು ಕೇಳದೆ ಅವನ ಮೇಲೆ ತೀರ್ಪು ಬರೆಯಬಾರದು: ಮೊದಲ ದಿನ ಇಷ್ಟನ್ನೇ ಹೇಳಿ ಹುಡುಗರನ್ನು ಕಳಿಸಿಬಿಡುತ್ತೇನೆ.

ಮಿತ್ರಾ

•

ಕೊಪ್ಪಲು, ಬನ್ನೂರು ಹೋಬಳಿ
೫ ಡಿಸೆಂಬರ್ ೧೯೯೯

ಪ್ರೀತಿಯ ಮಿತ್ರಾ,

ರೀಡರ್ ಆದದ್ದು ಕೇಳಿ ಸಂತೋಷ. ಶಾಲೆಯಲ್ಲಿ ಹೇಳಿದೆ. ನಮ್ಮ ಹೆಡ್‌ಮಾಸ್ಟರು “ಓದೋ ಕೆಲಸಕ್ಕೆ ಸಂಬಳನಾ?” ಎಂದು ಕೇಳಿದರು.

ನೀನು ಹೇಳಿದಂತೆ ಮನೆಯಲ್ಲೇ ಇದ್ದೇವೆ. ಸಂಜೆ ದೀಪ ಹಚ್ಚುತ್ತೇನೆ. ಅತ್ತೆ ಮಾತು ಕಡಿಮೆ ಮಾಡಿದ್ದಾರೆ. ನಿಮ್ಮ ಭಾವನ ದೊಡ್ಡಪ್ಪನ ಮಗ ಚಿಕ್ಕಬಸಪ್ಪ ಎಲ್ಲಕ್ಕೂ ಮುಂದೆ ನಿಂತಿದ್ದಾನೆ. ತಿಥಿಯ ಅಡುಗೆ, ಪಾತ್ರೆ, ಚಪ್ಪರ ಎಲ್ಲ ಅವನೇ. “ನಾನ್ ಇವ್ನಲ್ವಾ ಅತ್ಗೆ, ನೀವ್ ಯಾಕ್ ಎದುರ್ಕಂಡೀರಿ” ಎನ್ನುತ್ತಾನೆ. ಇವರು ಇದ್ದಾಗ ಹಿತ್ತಿಲ ಗೋಡೆಗಾಗಿ ಅಷ್ಟು ಜಗಳವಾಡಿದವನು ಇವನೇನಾ ಎನ್ನಿಸುತ್ತದೆ. ಸಾವು ಮನುಷ್ಯನನ್ನು ಮೆತ್ತಗೆ ಮಾಡುತ್ತದೇನೋ.

ಮಕ್ಕಳು ಬೆಳಿಗ್ಗೆ ಏಳಕ್ಕೆಲ್ಲ ಬಂದು ಕಿಟಕಿಯಲ್ಲಿ ಇಣುಕುತ್ತವೆ. ಮೊನ್ನೆ ಒಂದು, “ಮಿಸ್ಸು ಅಲ್ಲುಜ್ತಾವ್ರೆ ಕಣ್ರೋ!” ಎಂದು ಕೂಗಿ ಊರನ್ನೇ ಸೇರಿಸಿತು.

ಇನ್ನು ಮುಂದೆ ಶಾಲೆಯ ವಿಳಾಸಕ್ಕೇ ಬರೆ. ಅಂಚೆಯವನು ನಮ್ಮ ಬೀದಿಗೆ ಸರಿಯಾಗಿ ಬರುವುದಿಲ್ಲ. ಪಂಚಾಯ್ತಿ ಆಫೀಸಿಗೆ ಫೋನು ಮಾಡಬೇಡ, ಅಲ್ಲಿ ಎಲ್ಲರಿಗೂ ಕಿವಿ.

ಇಂದ್ರಾಣಿ

•

ಪುಣೆ
೨೦ ಫೆಬ್ರವರಿ ೨೦೦೦

ಅಕ್ಕ,

ನೀನು ಮನೆಯಲ್ಲೇ ಉಳಿದದ್ದು ಓದಿ ಎದ್ದು ಕೋಣೆಯಲ್ಲಿ ಎರಡು ಸುತ್ತು ಓಡಾಡಿದೆ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಪುಸ್ತಕ ಕಾರಣ. ಮಕ್ಕಳು ಹಲ್ಲುಜ್ಜುವ ಹೊತ್ತಿಗೇ ಮನೆ ತನಕ ಬರುತ್ತವೆಂದರೆ ನೀನು ಎಂಥ ಟೀಚರು ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಸಮನ್ಸ್ ಜಾರಿಯ ಅಧ್ಯಾಯ ಬರೆಯುತ್ತಿದ್ದೇನೆ. ಪ್ರತಿವಾದಿ ಸಿಗದಿದ್ದರೆ ಕೋರ್ಟಿನ ಅಮೀನ ಸಮನ್ಸನ್ನು, ಅಂದರೆ ಹಾಜರಾಗು ಎನ್ನುವ ಕಾಗದವನ್ನು, ಅವನ ಮನೆಯ ಬಾಗಿಲಿಗೆ ಅಂಟಿಸಿ ಬರಬಹುದು. ಇದು ಅನ್ಯಾಯ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಹಿತ್ತಿಲ ಬಾಗಿಲಿಂದ ಓಡಿಹೋಗುವವರನ್ನು ಕೋರ್ಟು ಎಷ್ಟು ವರ್ಷ ಹುಡುಕಬೇಕು? ‘ತನ್ನ ಬಾಗಿಲನ್ನು ತಾನೇ ನೋಡದ ಮನುಷ್ಯ ಯಾರಿದ್ದಾನೆ?’ ಎಂದು ಬರೆದಿದ್ದೇನೆ. ಈ ವಾಕ್ಯದ ಮೇಲೆ ನನಗೆ ಸ್ವಲ್ಪ ಮೋಹವೇ ಆಗಿದೆ.

ಮಿತ್ರಾ

•

ಕೊಪ್ಪಲು
೧೯ ನವೆಂಬರ್ ೨೦೦೦

ಮಿತ್ರಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲದಿದ್ದರೆ ಹೊಂದಿಸಿಕೊಂಡು ಓದು.

ನಿನ್ನೆ ಮಧ್ಯಾಹ್ನ ತಿ. ನರಸೀಪುರ ಕೋರ್ಟಿನ ಅಮೀನ ಬಂದು, “ಮನೆ ಖಾಲಿ ಮಾಡ್ಬೇಕು ಕನವ್ವ, ಆರ್ಡರ್ ಆಗದೆ” ಎಂದ. ಯಾವ ಮನೆ ಎಂದೆ. “ಇದೇ, ನೀವ್ ನಿಂತಿರಾದು.” ನಗುವೇ ಬಂತು. ಆಮೇಲೆ ನೋಡಿದರೆ ಎದುರು ಜಗಲಿಯ ಮೇಲೆ ಚಿಕ್ಕಬಸಪ್ಪ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

ಈ ಮನೆ ಹಿಂದಿನ ಪಾಲಿನಲ್ಲಿ ಅವನಪ್ಪನಿಗೆ ಬಂದದ್ದಂತೆ. ಇವರು ಸತ್ತ ತಿಂಗಳಲ್ಲೇ ನನ್ನ ಮತ್ತು ಅತ್ತೆಯ ಮೇಲೆ ದಾವೆ ಹಾಕಿದ್ದಾನೆ. ನಾವು ಕೋರ್ಟಿಗೆ ಹೋಗಲಿಲ್ಲ ಎಂದು ಅವನೊಬ್ಬನ ಮಾತು ಕೇಳಿ ಜೂನ್‌ನಲ್ಲೇ ಡಿಕ್ರಿ ಕೊಟ್ಟಿದ್ದಾರೆ. ನಮ್ಮ ಕೈಗೆ ಒಂದು ಕಾಗದವೂ ಬಂದಿಲ್ಲ ಮಿತ್ರಾ. ಅಂಬೇಡ್ಕರರ ಪಟದ ಮೇಲೆ ಆಣೆ ಇಟ್ಟು ಹೇಳುತ್ತೇನೆ.

ಅತ್ತೆ ಹೋಗಿ, “ಯಾಕ್ಲಾ ಇಂಗ್ ಮಾಡ್ದೆ, ನನ್ ಮಗ ಬೂದಿಯಾಗಿ ಎಷ್ಟ್ ದಿನ ಆಯ್ತ್ಲಾ” ಎಂದು ಕೇಳಿದರು. “ಕೋರ್ಟು ಮಾಡದೆ ಚಿಕ್ಕವ್ವ, ನಾನೇನ್ ಮಾಡ್ದೆ” ಎಂದ.

ಹದಿನೈದು ದಿನ ಬಿಟ್ಟು ಪೊಲೀಸರ ಜೊತೆ ಬರುತ್ತಾರಂತೆ. ನಮಗಿರುವುದು ಇದೊಂದೇ. ಏನು ಮಾಡಲಿ ಹೇಳು.

ಇಂದ್ರಾಣಿ

•

ಪುಣೆ
೨೪ ನವೆಂಬರ್ ೨೦೦೦

ಅಕ್ಕ,

ಕಾಗದ ನಿಂತುಕೊಂಡೇ ಓದಿದೆ. ನಾನು ಹದಿನಾರು ವರ್ಷದಿಂದ ಪಾಠ ಮಾಡುವ ವಿಷಯ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿದೆ. ನಂಬಲಾಗುತ್ತಿಲ್ಲ.

ಹೆದರಬೇಡ. ಏಕಪಕ್ಷೀಯ ಡಿಕ್ರಿಯನ್ನು ರದ್ದು ಮಾಡಿಸಬಹುದು. ವಿಷಯ ತಿಳಿದು ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು ಅಷ್ಟೆ. ನಂಜನಗೂಡಿನ ಕಾಲೇಜಿನಲ್ಲಿ ನನ್ನ ಜೊತೆ ಓದಿದ ನಂಜುಂಡಸ್ವಾಮಿ ನಿಮ್ಮ ನರಸೀಪುರದಲ್ಲೇ ವಕೀಲ. ನಿನ್ನೆಯೇ ಫೋನಿನಲ್ಲಿ ಮಾತಾಡಿ ಕಡತ ನೋಡಿಸಿದೆ. ಅಮೀನ ಏನು ವರದಿ ಕೊಟ್ಟಿದ್ದಾನೆ ಗೊತ್ತೇ? ಜನವರಿಯಲ್ಲಿ ಬಂದಾಗ ಮನೆಗೆ ಬೀಗ ಹಾಕಿತ್ತಂತೆ, ಬಾಗಿಲಿಗೆ ಸಮನ್ಸ್ ಅಂಟಿಸಿದನಂತೆ! ಎಂಥ ಹಸಿ ಸುಳ್ಳು! ನೀನು ಮನೆ ಬಿಟ್ಟೇ ಇಲ್ಲ. ಚಿಕ್ಕಬಸಪ್ಪ ಅವನ ಕೈ ಬೆಚ್ಚಗೆ ಮಾಡಿದ್ದಾನೆ.

ಪ್ರಮಾಣಪತ್ರವನ್ನು ನಾನೇ ಬರೆದು ನಂಜುಂಡಸ್ವಾಮಿಗೆ ಫ್ಯಾಕ್ಸ್ ಮಾಡಿದ್ದೇನೆ. ‘ಪತಿಯ ಮರಣಾನಂತರ ನಾನು ಒಂದು ದಿನವೂ ಸದರಿ ಮನೆಯನ್ನು ಬಿಟ್ಟಿರುವುದಿಲ್ಲ. ಬೀಗ ಹಾಕಿತ್ತೆಂಬುದೂ ಸಮನ್ಸ್ ಅಂಟಿಸಿದೆನೆಂಬುದೂ ಅಮೀನರ ಸುಳ್ಳು ವರದಿ.’ ಇದಕ್ಕಿಂತ ಗಟ್ಟಿಯಾಗಿ ಯಾರೂ ಬರೆಯಲಾರರು. ಹೋಗಿ ಸಹಿ ಮಾಡು. ಆ ಅಮೀನನನ್ನೂ ಬಿಡುವುದಿಲ್ಲ, ಜಿಲ್ಲಾ ನ್ಯಾಯಾಧೀಶರಿಗೆ ದೂರು ಕಳಿಸಿದ್ದೇನೆ.

ಮಿತ್ರಾ

•

ಕೊಪ್ಪಲು
೬ ಡಿಸೆಂಬರ್ ೨೦೦೦

ಮಿತ್ರಾ,

ಸಹಿ ಮಾಡಿದೆ. ಅತ್ತೆ ಹೆಬ್ಬೆಟ್ಟು ಒತ್ತಿದರು. ಅರ್ಜಿ ತೀರ್ಮಾನವಾಗುವ ತನಕ ಮನೆ ಮುಟ್ಟಬಾರದೆಂದು ತಡೆ ಸಿಕ್ಕಿದೆ.

ನಂಜುಂಡಸ್ವಾಮಿಯವರು ಕನ್ನಡಕ ತೆಗೆದು, “ಇಂದ್ರಾಣಮ್ಮ, ನೀವು ಆವಾಗ ಮನೇಲೇ ಇದ್ರಾ?” ಎಂದು ಕೇಳಿದರು. ನಾನು ನಿನ್ನ ಬರಹ ನೋಡಿದೆ. “ಅದ್ರಲ್ಲೇ ಬರ್ದದಲ್ಲ ಸಾ” ಎಂದೆ. “ಸರಿ, ಪುಸ್ತಕ ಬರೆದವರೇ ಬರೆದ್ಮೇಲೆ ನಾನ್ಯಾವನು ಬಿಡಿ” ಎಂದು ನಕ್ಕು ಮೊಹರು ಹಾಕಿಸಿದರು.

ನಿನಗೆ ಒಂದು ಮಾತು ಹೇಳುವುದಿದೆ. ಕಾಗದದಲ್ಲಿ ಆಗುವುದಿಲ್ಲ. ಸಂಕ್ರಾಂತಿಗೆ ಬರುತ್ತೀಯಾ?

ಇಂದ್ರಾಣಿ

•

ಪುಣೆ
೧೧ ಆಗಸ್ಟ್ ೨೦೦೧

ಅಕ್ಕ,

ಸಂಕ್ರಾಂತಿಗೂ ಬರಲಿಲ್ಲ, ಬೇಸಿಗೆಗೂ ಬರಲಿಲ್ಲ. ಕೋಪ ಮಾಡಿಕೊಳ್ಳಬೇಡ. ಜುಲೈಯಿಂದ ನಾನು ಪ್ರೊಫೆಸರ್. ಪುಸ್ತಕವೂ ಹೊರಬಂತು. ಬಿಡುಗಡೆಯ ದಿನ ಒಬ್ಬರು ಹೈಕೋರ್ಟ್ ನ್ಯಾಯಾಧೀಶರು ‘ತನ್ನ ಬಾಗಿಲನ್ನು ತಾನೇ ನೋಡದ ಮನುಷ್ಯ’ ಎನ್ನುವ ಸಾಲನ್ನು ಓದಿ ಹೇಳಿದರು. ಉಪನ್ಯಾಸದ ಕೊನೆಯಲ್ಲಿ ಹೆಸರು ಹೇಳದೆ ನಿನ್ನ ಕಥೆ ಹೇಳಿದೆ: ವಿಧವೆಯೊಬ್ಬಳು ಮೂಢನಂಬಿಕೆಗೆ ಬಗ್ಗದೆ ಮನೆಯಲ್ಲೇ ಕೂತಳು, ಅಮೀನನೊಬ್ಬ ಆ ಮನೆಗೆ ಕಾಗದದ ಮೇಲೆಯೇ ಬೀಗ ಹಾಕಿದ. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು.

ನಿನ್ನ ವಿಚಾರಣೆ ಫೆಬ್ರವರಿಗೆ ಬರಬಹುದು ಎಂದು ನಂಜುಂಡಸ್ವಾಮಿ ಹೇಳಿದರು. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಬರೆದದ್ದರಿಂದ ಕದಲಬೇಡ. ಆ ನಿನ್ನ ಮಾತು ಏನು? ಬರೆದೇ ಬಿಡು.

ಮಿತ್ರಾ

•

ಕೊಪ್ಪಲು
೩ ಮಾರ್ಚ್ ೨೦೦೨

ಮಿತ್ರಾ,

ಬರೆಯುತ್ತೇನೆ. ಈಗ ಬಚ್ಚಿಡಲು ಏನೂ ಉಳಿದಿಲ್ಲ, ಕೋರ್ಟಿನ ತುಂಬ ಜನ ಕೇಳಿದ್ದಾರೆ.

ಮೊದಲು ಅಮೀನನನ್ನು ನಿಲ್ಲಿಸಿದರು. ನಿನ್ನ ದೂರಿನ ಮೇಲೆ ಅವನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ, ನಿನಗೆ ಗೊತ್ತಿತ್ತೇ? ಗಡ್ಡ ಬಿಟ್ಟುಕೊಂಡು ಬಂದಿದ್ದ. “ಬೀಗ ನೋಡ್ದೆ, ಮುಳ್ಳು ನೋಡ್ದೆ, ಕಾಗ್ದ ಅಂಟ್ಸ್ದೆ ಸಾ. ಮುಳ್ಳು ಕಟ್ಟಿದ್ ಬಾಗ್ಲು ಸಾ ಅದು, ಅಂಟ್ಸೋವಾಗ ಕೈ ಕುಯ್ಕಂಡೆ” ಎಂದು ಅಂಗೈ ತೋರಿಸಿದ. ಯಾರೋ ಹಿಂದೆ ಕಿಸಕ್ಕನೆ ನಕ್ಕರು.

ಆಮೇಲೆ ನಾನು. ಚಿಕ್ಕಬಸಪ್ಪನ ವಕೀಲರು ಬಹಳ ಮೆತ್ತಗೆ ಕೇಳಿದರು.

“ನಿಮ್ಮ ಯಜಮಾನರು ಹೋದದ್ದು ಧನಿಷ್ಠಾ ನಕ್ಷತ್ರದಲ್ಲಿ ಅಲ್ವಾಮ್ಮ?”

“ಊಂ ಸಾ.”

“ನಿಮ್ಮ ಕಡೆ ಮನೆ ಬಿಡೋ ಪದ್ಧತಿ ಇದೆ ಅಲ್ವಾ? ಊರಿಗೂರೇ ಸಾಕ್ಷಿ ಹೇಳೋಕೆ ಹೊರಗೆ ಕೂತಿದೆ. ಬಿಟ್ರಾ, ಇಲ್ವಾ?”

ನಾನು ಅಮೀನನ ಅಂಗೈ ನೋಡುತ್ತಿದ್ದೆ ಮಿತ್ರಾ. “ಬುಟ್ಟಿದ್ದೋ ಸಾ” ಎಂದೆ.

ನಂಜುಂಡಸ್ವಾಮಿಯವರ ಪೆನ್ನು ನೆಲಕ್ಕೆ ಬಿತ್ತು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, “ಹಾಗಾದ್ರೆ ಈ ಪ್ರಮಾಣಪತ್ರ?” ಎಂದರು. “ಸುಳ್ಳು ಸಾ.” “ಬರೆಸಿದ್ದು ಯಾರು?” “ನಾನೇ ಸಾ” ಎಂದೆ.

ನೀನು ಹೊರಟ ಮರುದಿನವೇ ಮನೆ ಬಿಟ್ಟೆವು. ಆರು ತಿಂಗಳು ಶಾಲೆಯ ಹಿಂದಿನ ಕೋಣೆಯಲ್ಲಿದ್ದೆವು. ಮರಳಿ ಬಂದಾಗ ಬಾಗಿಲ ಮೇಲೆ ಯಾವ ಕಾಗದವೂ ಇರಲಿಲ್ಲ. ಅತ್ತೆ ಮಗನನ್ನು ಕಳೆದುಕೊಂಡವರು. ನಾಳೆ ನನಗೇನಾದರೂ ಆದರೆ ಅವರು ಅದನ್ನು ನನ್ನ ಹಟದ ತಲೆಗೆ ಕಟ್ಟುತ್ತಾರೆ. ನನಗೂ ಭಯವಿತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಮನೆ ಬಿಟ್ಟರೆ ಕಾಗದ ಬರೆಯಬೇಡ ಎಂದಿದ್ದೆ ನೀನು. ಅಪ್ಪ ಇಲ್ಲ, ಇವರಿಲ್ಲ, ನಿನ್ನ ಕಾಗದವೂ ಇಲ್ಲ ಅಂದರೆ? ಒಂದು ಸುಳ್ಳು ಬರೆದೆ. ಆಮೇಲೆ ನೀನು ಅದನ್ನೇ ಪ್ರಮಾಣಪತ್ರ ಮಾಡಿ ಕಳಿಸಿದೆ.

ಇನ್ನೊಂದು ಮಾತನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಳ್ಳನ್ನು ಮನೆಯವರು ಕಟ್ಟುವಂತಿಲ್ಲ, ದಾಯಾದಿ ಕಟ್ಟಬೇಕು. ನಾಲೆ ಏರಿಯ ಮೇಲಿಂದ ಜಾಲಿ ಕಡಿದು ತಂದು ನಮ್ಮ ಬಾಗಿಲಿಗೆ ಕಟ್ಟಿದವನು ಚಿಕ್ಕಬಸಪ್ಪನೇ. “ಆರ್ ತಿಂಗ್ಳು ಈ ಕಡೆ ತಲೆ ಆಕ್ಕೂಡ್ದು ಅತ್ಗೆ, ನಿಮ್ ಒಳ್ಳೇದ್ಕೇ ಯೋಳಾದು” ಎಂದಿದ್ದ.

ಅರ್ಜಿ ವಜಾ ಆಗಿದೆ. ತಡೆಯೂ ಹೋಯಿತು.

ಇಂದ್ರಾಣಿ

•

ಪುಣೆ
೨೧ ಏಪ್ರಿಲ್ ೨೦೦೨

ಅಕ್ಕ,

ನಿನ್ನ ಕಾಗದ ಬಂದು ತಿಂಗಳಾಯಿತು. ಎಷ್ಟೋ ಸಲ ಬರೆಯಲು ಕೂತೆ. ‘ಅಕ್ಕ’ ಎಂದು ಬರೆದ ಮೇಲೆ ಮುಂದಕ್ಕೆ ಹೋಗಲು ಆಗುತ್ತಿರಲಿಲ್ಲ.

ಮೊದಲು ನಿನ್ನ ಮೇಲೆ ಸಿಟ್ಟು ಬಂತು. ತರಗತಿಗೆ ಹೋಗಿ ಹುಡುಗರ ಮೇಲೆ ಕೂಗಾಡಿದೆ. ಆಮೇಲೆ ಪಾಠದ ನಡುವೆ ಪುಸ್ತಕ ಮುಚ್ಚಿ ಕುರ್ಚಿಯಲ್ಲಿ ಕೂತೆ. ಮುಂದಿನ ಬೆಂಚಿನ ಹುಡುಗಿ ನೀರು ತಂದುಕೊಟ್ಟಳು. ಸಮನ್ಸ್ ಯಾವ ವಿಳಾಸಕ್ಕೆ ಹೋಯಿತು, ಮನುಷ್ಯ ಆಗ ನಿಜವಾಗಿ ಎಲ್ಲಿದ್ದ ಎಂದು ಕೇಳಲು ಕಲಿಸುವುದೇ ನನ್ನ ಜೀವಮಾನದ ಪಾಠ. ಆ ಚಳಿಗಾಲವೆಲ್ಲ ನನ್ನ ಅಕ್ಕ ಎಲ್ಲಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ಶಾಲೆಯ ವಿಳಾಸವನ್ನು ಲಕೋಟೆಯ ಮೇಲೆ ಬರೆದವಳು ನಾನೇ. ಮಕ್ಕಳು ಇಣುಕಿದ ಕಿಟಕಿ ಯಾವುದು ಎಂದು ಕೂಡ ಕೇಳಲಿಲ್ಲ.

ಎಲ್ಲಕ್ಕಿಂತ ನನ್ನನ್ನು ತಿನ್ನುತ್ತಿರುವುದು ಇದು: ನಿಜ ಹೇಳಿದ್ದರೆ ನೀನು ಗೆಲ್ಲುತ್ತಿದ್ದೆ. ಬಾಗಿಲನ್ನು ನೋಡುವಂತಿಲ್ಲದ ಹೆಂಗಸು, ಆ ಬಾಗಿಲಿಗೆ ಮುಳ್ಳು ಕಟ್ಟಿದವನೇ ಕೋರ್ಟಿಗೆ ಅದೇ ಬಾಗಿಲಿನ ವಿಳಾಸ ಕೊಟ್ಟ. ಇದಕ್ಕಿಂತ ಒಳ್ಳೆಯ ಅರ್ಜಿಯನ್ನು ನನ್ನ ಯಾವ ಪುಸ್ತಕದಲ್ಲೂ ನೋಡಿಲ್ಲ. ಅದನ್ನು ನಾನೇ ಸುಳ್ಳು ಮಾಡಿ ಕಳಿಸಿದೆ. ನಿಜ ಹೇಳಿದ ಅಮೀನನ ಅನ್ನ ಕಿತ್ತೆ.

ಅಮೀನನ ವಿಷಯ ನಿನ್ನೆ ಜಿಲ್ಲಾ ನ್ಯಾಯಾಧೀಶರಿಗೆ ಬರೆದೆ. ನಿನ್ನ ಮೇಲ್ಮನವಿಗೆ ನನ್ನ ಪ್ರಮಾಣಪತ್ರವನ್ನೂ ಸೇರಿಸುತ್ತಿದ್ದೇವೆ: ಆ ಸಾಲುಗಳನ್ನು ಬರೆದವಳು ನಾನು, ಕೇಳದೆ ಬರೆದೆ. ಮೈಸೂರಿಗೆ ಬಂದು ಕಟಕಟೆಯಲ್ಲಿ ನಿಂತು ಹೇಳುತ್ತೇನೆ. ಇಲ್ಲಿ ಡೀನ್ ಹುದ್ದೆಗೆ ನನ್ನ ಹೆಸರಿತ್ತು. ಇರಲಿ.

ಬೈದಾದರೂ ಬರೆ.

ಮಿತ್ರಾ

•

ತಿ. ನರಸೀಪುರ
೧೨ ಮೇ ೨೦೦೨

ಮಿತ್ರಾ,

ಮನೆ ಇಲ್ಲ.

ಮೇಲಿನ ಕೋರ್ಟಿಗೆ ಬೇಸಿಗೆ ರಜೆ, ತಡೆ ತರಲು ಆಗಲಿಲ್ಲ. ಪೊಲೀಸರು ಬಂದು ನಮ್ಮನ್ನು ಹೊರಗೆ ಹಾಕಿ ಮನೆ ಬಿಡಿಸಿಕೊಟ್ಟರು. ಮರುದಿನವೇ ಚಿಕ್ಕಬಸಪ್ಪ ಆಳುಗಳನ್ನು ಹತ್ತಿಸಿದ. ಹೆಂಚು ಇಳಿಸಿ ಸಾಲಾಗಿ ಜೋಡಿಸಿದರು. ಗೋಡೆಗೆ ಗುದ್ದಲಿ ಬಿದ್ದಾಗ ಅತ್ತೆ ಅವರ ನಡುವೆ ಹೋಗಿ ನಿಂತರು. “ಅಜ್ಜಿ, ಸರ್ಕಳಿ, ಮಣ್ಣು ಬೀಳ್ತದೆ” ಎಂದು ಆಳೊಬ್ಬ ಕೈ ಹಿಡಿದು ಕೂರಿಸಿದ. ಸಂಜೆ ಹೊತ್ತಿಗೆ ನಮ್ಮ ಅಡುಗೆಮನೆಯ ಮಸಿ ಹಿಡಿದ ಗೋಡೆಯೊಂದು ಬೀದಿಗೆ ಕಾಣುತ್ತ ನಿಂತಿತ್ತು. ಅದೂ ಬಿತ್ತು.

ಇಲ್ಲಿ ಸಂತೆಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇನೆ. ಶಾಲೆಗೆ ಬಸ್ಸಿನಲ್ಲಿ ಓಡಾಟ. ಅತ್ತೆ ಒಂದೇ ಮಾತು ಆಡುತ್ತಾರೆ: “ನಾ ಬುಡ್ಸ್ದೆ ಕಣವ್ವ ಮನೆಯ, ನಾ ಬುಡ್ಸ್ದೆ.”

ನೀನು ಕಟಕಟೆ ಹತ್ತಬೇಡ. ಸುಳ್ಳು ನನ್ನ ಹೆಸರಿನಲ್ಲೇ ಇರಲಿ, ನಿನ್ನ ಕೆಲಸವಾದರೂ ಉಳಿಯಲಿ. ಬೈಯುವಷ್ಟು ಶಕ್ತಿ ಈಗಿಲ್ಲ.

ಇಂದ್ರಾಣಿ

•

ಪುಣೆ
೯ ಸೆಪ್ಟೆಂಬರ್ ೨೦೦೩

ಅಕ್ಕ,

ನೀನು ಬೇಡವೆಂದರೂ ನಾನು ಬಂದೆ, ಕಟಕಟೆ ಹತ್ತಿದೆ, ಹೇಳಿದೆ. ಅವತ್ತು ಮೈಸೂರಿನ ಕೋರ್ಟಿನ ವರಾಂಡದಲ್ಲಿ ನೀನು ನನ್ನ ಜೊತೆ ಒಂದು ಮಾತೂ ಆಡದೆ ಬಸ್ಸು ಹತ್ತಿದ್ದು ಸರಿಯೇ.

ಆದೇಶದ ಪ್ರತಿ ಇಂದು ಬಂತು. ಡಿಕ್ರಿ ರದ್ದಾಗಿದೆ. ಬಾಗಿಲು ಮುಚ್ಚಿದ ಕೈಯೇ ಬಾಗಿಲಿನ ವಿಳಾಸ ಕೊಟ್ಟಿದೆ ಎಂದು ನ್ಯಾಯಾಧೀಶರು ಬರೆದಿದ್ದಾರೆ. ‘ಪ್ರತಿವಾದಿಯ ಸಹೋದರಿ, ಕಾನೂನು ಪ್ರಾಧ್ಯಾಪಕಿ, ವಿಚಾರಿಸದೆ ಪ್ರಮಾಣಪತ್ರ ಬರೆದದ್ದು ಆಘಾತಕಾರಿ’ ಎಂದೂ ಬರೆದಿದ್ದಾರೆ. ಈ ಸಾಲನ್ನು ತರಗತಿಯಲ್ಲಿ ನಾನೇ ಓದಿದೆ. ಒಬ್ಬ ಹುಡುಗ ಎದ್ದು, “ಮೇಡಂ, ಆ ಪ್ರೊಫೆಸರ್ ಯಾರು?” ಎಂದು ಕೇಳಿದ. ಹೇಳಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ದಾವೆ ಮೊದಲಿನಿಂದ ನಡೆಯುತ್ತದೆ. ಕೆಡವಿದ್ದನ್ನು ಕಟ್ಟಿಸಿಕೊಡು ಎಂದು ಕೇಳುವುದಕ್ಕೂ ದಾರಿಯಿದೆ. ಈಗ ನಿನ್ನ ಜವಾಬು ಸಲ್ಲಿಸಬೇಕು. ನಾನು ಬರೆದುಕೊಡಲೇ? ಈ ಸಲ ಬಂದು, ಕೂತು, ಎಲ್ಲ ಕೇಳಿ ಬರೆಯುತ್ತೇನೆ.

ಮಿತ್ರಾ

•

ತಿ. ನರಸೀಪುರ
೨೩ ನವೆಂಬರ್ ೨೦೦೩

ಪ್ರೀತಿಯ ಮಿತ್ರಾ,

ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ಬೇಕೆಂದೇ ತಡ ಮಾಡಿದೆ. ಜವಾಬು ಸಲ್ಲಿಸಿಯಾಯಿತು.

ನಾನು ಹೇಳಿದೆ, ನಂಜುಂಡಸ್ವಾಮಿಯವರು ಬರೆದುಕೊಂಡರು. ನಡುವೆ ಅವರು, “ಇಂದ್ರಾಣಮ್ಮ, ಭಯದಿಂದ ಬಿಟ್ಟೆವು ಅಂತ ಬೇಡ. ಪದ್ಧತಿಗೆ ಗೌರವ ಕೊಟ್ಟು ಅಂತ ಹಾಕೋಣ” ಎಂದರು. “ಭಯ ಆಗಿತ್ತು ಸಾ, ಭಯ ಅಂತಲೇ ಬರೀರಿ” ಎಂದೆ. ಬರೆದು ಓದಿ ಹೇಳಿದರು. ಎರಡು ಕಡೆ ತಿದ್ದಿಸಿದೆ. ಅವರಿಗೆ ಸ್ವಲ್ಪ ಬೇಸರವಾಯಿತು.

ನಿನ್ನೆ ಹಾಜರಾದೆ. ಚಿಕ್ಕಬಸಪ್ಪನ ವಕೀಲರು, “ಇಲ್ಲದ ಮನೆಗೆ ಇನ್ಯಾಕಮ್ಮ ಕೇಸು?” ಎಂದು ವರಾಂಡದಲ್ಲೇ ತಮಾಷೆ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಬೀಳ್ಸ್ದವ್ನು ಕಟ್ಲಿ ಅಂತ ಕನಪ್ಪ, ಇನ್ಯಾಕೆ?” ಎಂದರು. ಅತ್ತೆ ಮುಳ್ಳಿನ ಸಂಗತಿ ಸಾಕ್ಷಿ ಹೇಳುತ್ತಾರಂತೆ. ತಾವೇ ಕೇಳಿಕೊಂಡು ಹೆಸರು ಬರೆಸಿದ್ದಾರೆ. ಅಮೀನ ಕೆಲಸಕ್ಕೆ ಮರಳಿದ್ದಾನೆ. ಎದುರು ಸಿಕ್ಕಿದ, ನಾನು ಕೈ ಮುಗಿದೆ, ಅವನು ನೋಡದವನಂತೆ ಹೋದ. ನಿನಗೂ ಇದು ತಿಳಿದಿರಲಿ.

ಗೆಲ್ಲುತ್ತೇವೋ ಇಲ್ಲವೋ, ನನಗೆ ಗೊತ್ತಿಲ್ಲ.

ನನ್ನ ಸಾಕ್ಷಿ ಜನವರಿ ಹನ್ನೆರಡಕ್ಕೆ. ನೀನು ಬಾ. ಹಿಂದಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತುಕೋ. ನಾನು ಮಾತಾಡುವಾಗ ತುಟಿ ಅಲ್ಲಾಡಿಸಬೇಡ.

ಇಂದ್ರಾಣಿ